ಸರ್ವರ್ ಕಾವಲಿನ ನಾಲ್ಕು ದಶಕ

ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ತಮ್ಮ ಜಾಲದ ತೊಡಕು ಹುಡುಕಲು ‘ಪಿಂಗ್’ ಎಂಬ ಪುಟ್ಟ ತಂತ್ರಾಂಶ ಬರೆದರು. ಆಚೆಯ ಯಂತ್ರವನ್ನು ‘ಇದ್ದೀಯಾ?’ ಎಂದು ಕೇಳುವುದು, ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವುದು, ಅದರ ಕೆಲಸ ಇಷ್ಟೇ. ರೂಟರುಗಳ ಸ್ಥಿತಿಗತಿಯನ್ನು ದೂರದಿಂದಲೇ ವಿಚಾರಿಸುವ ಎಸ್‌ಎನ್‌ಎಂಪಿ ನಿಯಮಾವಳಿ 1988ರಲ್ಲಿ ಬಂತು. ಅದರ ಮೊದಲ ಆವೃತ್ತಿಯಲ್ಲಿ ಗುಪ್ತಪದ ಯಾವ ಮುಸುಕೂ ಇಲ್ಲದೆ ತಂತಿಯ ಮೇಲೆ ಹರಿಯುತ್ತಿತ್ತು. ಎಷ್ಟೋ ಉಪಕರಣಗಳಲ್ಲಿ ಆ ಗುಪ್ತಪದ ‘ಪಬ್ಲಿಕ್’ ಎಂದೇ ಇರುತ್ತಿತ್ತು! ನೋಡುವವರೆಲ್ಲ ನಮ್ಮವರೇ ಎಂಬ ಭರವಸೆ ಈ ಕ್ಷೇತ್ರಕ್ಕೆ ಹುಟ್ಟಿನಿಂದಲೇ ಅಂಟಿತ್ತು.

1995ರಲ್ಲಿ ಎಂಆರ್‌ಟಿಜಿ, 1999ರಲ್ಲಿ ನೆಟ್‌ಸೇಂಟ್ ಹೆಸರಿನಲ್ಲಿ ಬಂದು ಮುಂದೆ ನಾಗಿಯೋಸ್ ಆದದ್ದು, 2001ರಲ್ಲಿ ಲಾಟ್ವಿಯಾದ ಜ್ಯಾಬಿಕ್ಸ್, ಹೀಗೆ ನಿಗಾ ಪರಿಕರಗಳು ಬೆಳೆದವು. ಬೆಂಗಳೂರಿನ ನೈಟ್ ಶಿಫ್ಟುಗಳಲ್ಲಿ ಕೆಂಪು–ಹಸಿರು ಚುಕ್ಕಿಗಳನ್ನು ನೋಡುತ್ತ ಕೂರುವುದೇ ಒಂದು ಉದ್ಯೋಗವಾಯಿತು. ಭದ್ರತೆಯವರದು ಬೇರೆ ಲೋಕ. ಕಚೇರಿಯ ಸುತ್ತ ಫೈರ್‌ವಾಲ್ ಕಟ್ಟಿ, ಹೊರಗಿರುವ ನಾಲ್ಕು ಜನರಿಗೆ ವಿಪಿಎನ್ ಕೊಟ್ಟರೆ ಅವರ ಕೆಲಸ ಮುಗಿಯಿತು.

2006ರಲ್ಲಿ ಅಮೆಜಾನ್ ಸರ್ವರುಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು. ಬೆಳಗ್ಗೆ ಇದ್ದ ಯಂತ್ರ ಮಧ್ಯಾಹ್ನ ಇಲ್ಲ ಎಂದಾಗ ಸರ್ವರುಗಳ ಪಟ್ಟಿ ಬರೆದಿಟ್ಟು ಕಾಯುವುದು ಹೇಗೆ? 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯೊಳಗೆ ರೂಪುಗೊಂಡ ಪ್ರೊಮಿಥಿಯಸ್ ಇದಕ್ಕೊಂದು ಉತ್ತರ. ಹುಟ್ಟಿ ಸಾಯುವ ಯಂತ್ರಗಳನ್ನು ಅದು ತಾನೇ ಪತ್ತೆಹಚ್ಚಿ ಅಳೆಯುತ್ತದೆ.

ಗೋಡೆಯ ಮೇಲಿನ ನಂಬಿಕೆ ಕುಸಿದದ್ದೂ ಇದೇ ಕಾಲದಲ್ಲಿ. ತನ್ನ ಜಾಲದೊಳಕ್ಕೆ ಹ್ಯಾಕರುಗಳು ನುಗ್ಗಿದ್ದಾರೆಂದು 2010ರ ಜನವರಿಯಲ್ಲಿ ಗೂಗಲ್ ಬಹಿರಂಗವಾಗಿ ಒಪ್ಪಿಕೊಂಡಿತು. ಒಳಗಿದ್ದವರು ನಂಬಿಕಸ್ಥರು ಎಂಬ ಎಣಿಕೆಯನ್ನೇ ಬಿಟ್ಟು, ಯಾರು, ಯಾವ ಸಾಧನದಿಂದ ಬಂದರು ಎಂದು ಪ್ರತಿ ಬಾರಿ ಪರಿಶೀಲಿಸುವ ‘ಬಿಯಾಂಡ್‌ಕಾರ್ಪ್’ ವ್ಯವಸ್ಥೆಯನ್ನು ಅದು ಕಟ್ಟಿಕೊಂಡಿತು. ಫಾರೆಸ್ಟರ್ ಸಂಸ್ಥೆಯ ಜಾನ್ ಕಿಂಡರ್‌ವಾಗ್ ಇಂಥ ಚಿಂತನೆಗೆ ‘ಜೀರೋ ಟ್ರಸ್ಟ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದದ್ದೂ 2010ರಲ್ಲೇ. ಹತ್ತು ವರ್ಷ ಅದು ಬಹುಮಟ್ಟಿಗೆ ಸಮ್ಮೇಳನಗಳ ಮಾತಾಗಿಯೇ ಉಳಿಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಬೆಂಗಳೂರಿನ ಕಂಪನಿಗಳ ಡೆಸ್ಕ್‌ಟಾಪುಗಳು ವ್ಯಾನುಗಳಲ್ಲಿ ಉದ್ಯೋಗಿಗಳ ಮನೆ ಸೇರಿದವು. ನಾಲ್ಕು ಜನರ ವಿಪಿಎನ್ ಮೇಲೆ ಇಡೀ ಕಂಪನಿ ಹತ್ತಿ ಕುಳಿತಿತು. ಮನೆಯಿಂದ ಕೆಲಸಕ್ಕೆ ತೊಡಕಾಗಿದ್ದ ದೂರಸಂಪರ್ಕ ನಿಯಮಗಳನ್ನು ಕೇಂದ್ರ ಸರ್ಕಾರ ಅದೇ ನವೆಂಬರಿನಲ್ಲಿ ಸಡಿಲಿಸಿತು.

ಡಿಸೆಂಬರಿನಲ್ಲಿ ಬಂದ ಸುದ್ದಿ ಈ ಇಡೀ ಇತಿಹಾಸದ ತಿರುವು. ಸೋಲಾರ್‌ವಿಂಡ್ಸ್ ಕಂಪನಿಯ ‘ಒರಾಯನ್’ ಜಾಲಗಳ ಮೇಲೆ ನಿಗಾ ಇಡುವ ತಂತ್ರಾಂಶ. ಅದರ ಅಪ್‌ಡೇಟಿನೊಳಗೇ ಗೂಢಚಾರರು ಕಳ್ಳಬಾಗಿಲು ಸೇರಿಸಿದ್ದರು. ಸುಮಾರು 18,000 ಗ್ರಾಹಕರಿಗೆ ಅದು ತಲುಪಿತ್ತು. ಅಮೆರಿಕ ಸರ್ಕಾರದ ಇಲಾಖೆಗಳೂ ಅವರಲ್ಲಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಿಗಾ ತಂತ್ರಾಂಶಕ್ಕೆ ಎಲ್ಲ ಯಂತ್ರಗಳ ಬೀಗದ ಕೈ ಕೊಟ್ಟಿರುತ್ತಾರೆ, ಅದು ಏನು ಮಾಡುತ್ತಿದೆಯೆಂದು ಯಾರೂ ನೋಡುವುದಿಲ್ಲ. ಸಿಕ್ಕಿಬಿದ್ದ ಬಗೆ ಇನ್ನೂ ಸ್ವಾರಸ್ಯಕರ. ಫೈರ್‌ಐ ಎಂಬ ಭದ್ರತಾ ಕಂಪನಿಯಲ್ಲಿ ಉದ್ಯೋಗಿಯೊಬ್ಬರ ಖಾತೆಗೆ ಎರಡನೆಯ ಫೋನ್ ನೋಂದಣಿಯಾಗಿತ್ತು. ‘ಇದು ನಿಮ್ಮದೇ?’ ಎಂದು ವಿಚಾರಿಸಿದಾಗ ಅವರು ಅಲ್ಲವೆಂದರು. ದಾರ ಬಿಚ್ಚಿದ್ದು ಅಲ್ಲಿಂದ.

2024ರ ಜುಲೈ 19ರಂದು ಶತ್ರುವೂ ಬೇಕಾಗಲಿಲ್ಲ. ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ವಿಂಡೋಸ್‌ನ ಗರ್ಭಗುಡಿಯಾದ ಕರ್ನೆಲ್‌ನಿಂದ ಭದ್ರತಾ ತಂತ್ರಾಂಶಗಳನ್ನು ಹೊರಗಿರಿಸುವ ಪ್ರಯತ್ನವನ್ನು ಮೈಕ್ರೋಸಾಫ್ಟ್ ಆಮೇಲೆ ಆರಂಭಿಸಿತು.

ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗುಗಳನ್ನು 180 ದಿನ ಇಡಬೇಕು, ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಇಡುವುದಕ್ಕೆ ಡಿಸ್ಕ್ ಸಾಕು, ಗಮನಕ್ಕೆ ಬರಲು ಯಾರಾದರೂ ಅವನ್ನು ಓದಬೇಕು. ನಿಮ್ಮ ಕಚೇರಿಯಲ್ಲಿ ಮತ್ತೊಂದು ನಿಗಾ ತಂತ್ರಾಂಶ ಕೊಳ್ಳುವ ಮಾತು ಬಂದರೆ, ಈಗ ಇರುವುದರ ಲಾಗುಗಳನ್ನು ಓದುವವರು ಯಾರು ಎಂದು ಮೊದಲು ಕೇಳಿ.