ಮುಚ್ಚಿದ ಬಾಗಿಲು, ಕಾಯುವ ವರ್ಷ: ಸ್ವೀಡನ್ನಿನ ಕನ್ಯಾಮಠಗಳ ಕಥೆ

ಜನವರಿ ಕಳೆಯುವುದರೊಳಗಾಗಿ ಈ ದೇಶದ ಬೇಕರಿಗಳಲ್ಲೆಲ್ಲ ಸೆಮ್ಲಾ ಕಾಣಿಸಿಕೊಳ್ಳುತ್ತದೆ. ಏಲಕ್ಕಿಯ ಪರಿಮಳದ ಬನ್ನು, ಒಳಗೆ ಬಾದಾಮಿಯ ಹೂರಣ, ಮೇಲೆ ಕೆನೆ. ಏಲಕ್ಕಿ ಇದ್ದ ಮೇಲೆ ಕೇಳಬೇಕೆ, ನಮ್ಮವರಿಗೆ ಅದು ಬಹುಬೇಗ ಒಗ್ಗಿಹೋಗುತ್ತದೆ. ಆದರೆ ಇದು ಮೂಲತಃ ಉಪವಾಸದ ಮುನ್ನಾದಿನದ ತಿಂಡಿ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಅರಿಯರು. ಮರುದಿನ ವಿಭೂತಿ ಬುಧವಾರ. ಅಂದಿನಿಂದ ಈಸ್ಟರ್ ವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನಗಳ ತಪಸ್ಸುಕಾಲ. ಅರಸ ಅಡಾಲ್ಫ್ ಫ್ರೆಡ್ರಿಕ್ 1771ರ ಫೆಬ್ರವರಿ 12ರಂದು ಭರ್ಜರಿ ಊಟದ ಕೊನೆಗೆ ಸೆಮ್ಲಾ ತಿಂದು ತೀರಿಕೊಂಡನೆಂದು ಇಲ್ಲಿಯ ಶಾಲಾಮಕ್ಕಳೂ ಹೇಳುತ್ತಾರೆ. ಆ ವೇಳೆಗೆ ಸ್ವೀಡನ್ನಿನಲ್ಲಿ ಉಪವಾಸ ಮರೆತುಹೋಗಿ ಎರಡು ಶತಮಾನಗಳೇ ಆಗಿದ್ದವು. ವ್ರತ ಹೋಯಿತು, ಹಬ್ಬದ ತಿಂಡಿ ಮಾತ್ರ ಉಳಿಯಿತು.

ವ್ರತದೊಡನೆ ಹೋದದ್ದು ಇನ್ನೊಂದಿದೆ: ಕನ್ಯಾಮಠ. ಹೊರಗಿನ ಸಂಪರ್ಕವನ್ನು ಬಹುಮಟ್ಟಿಗೆ ತೊರೆದು, ಆವರಣದೊಳಗೇ ಪ್ರಾರ್ಥನೆ ಕೆಲಸಗಳಲ್ಲಿ ಬಾಳು ಕಳೆಯುವ ಕ್ಯಾಥೊಲಿಕ್ ಸೋದರಿಯರ ಮಠಗಳು ಇಂದು ಯುರೋಪಿನಲ್ಲೆಲ್ಲ ವಿರಳವಾಗಿವೆ. ಆದರೂ ತಪಸ್ಸುಕಾಲ ಬಂತೆಂದರೆ, ಇದು ತನ್ನ ದಾರಿಯೋ ಅಲ್ಲವೋ ಎಂದು ಪರೀಕ್ಷಿಸಿಕೊಳ್ಳಲು ಯಾವಳೋ ಒಬ್ಬ ಯುವತಿ ಅಂಥ ಮಠದ ಅತಿಥಿಗೃಹಕ್ಕೆ ಬಂದು ಕೆಲವು ದಿನ ಇದ್ದು ಹೋಗುವುದುಂಟು. ಮನೆ ಕೊಳ್ಳುವವನು ಮಳೆಗಾಲದಲ್ಲಿ ಹೋಗಿ ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. ಇದೂ ಹಾಗೆಯೇ. ಹೂವಿಲ್ಲದ ಪೀಠ, ಸಪ್ಪೆ ಊಟ, ಹೆಚ್ಚಿದ ಮೌನ: ಮಠ ಅತ್ಯಂತ ಬರಿದಾಗಿ ಕಾಣುವ ಕಾಲ ಅದು. ಆಗ ಒಪ್ಪಿದವಳು ಆಮೇಲೆ ಮೋಸಹೋದೆನೆನ್ನುವಂತಿಲ್ಲ. ನಾವು ವಾಸಿಸುವ ಈ ದೇಶದಲ್ಲಿ ಹೀಗೆ ಬಂದು ನೋಡುವ ಸ್ವಾತಂತ್ರ್ಯಕ್ಕೆ ದೊಡ್ಡದೊಂದು ಇತಿಹಾಸವಿದೆ.

ಬಿರ್ಗಿಟ್ಟಾ ಮತ್ತು ವಾಡ್‌ಸ್ಟೇನಾ

ವೆಟ್ಟರ್ನ್ ಸರೋವರದ ಪೂರ್ವದಂಡೆಯ ವಾಡ್‌ಸ್ಟೇನಾ ಪಟ್ಟಣಕ್ಕೆ ಬೇಸಿಗೆಯಲ್ಲಿ ಹೋಗಿಬಂದ ಬಂಧುಗಳು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿಯ ನೀಲಿಗಲ್ಲಿನ ದೊಡ್ಡ ಇಗರ್ಜಿಯನ್ನು ಕಟ್ಟಿಸುವ ಸಂಕಲ್ಪ ಮಾಡಿದವಳು ಸಂತ ಬಿರ್ಗಿಟ್ಟಾ. 1303ರಲ್ಲಿ ಉಪ್‌ಲಾಂಡಿನ ನ್ಯಾಯಾಧಿಪತಿಯ ಮಗಳಾಗಿ ಹುಟ್ಟಿ, 13ನೆಯ ವಯಸ್ಸಿಗೆ ಉಲ್ಫ್ ಗುಡ್ಮಾರ್ಸನ್ನನ ಕೈಹಿಡಿದು, ಎಂಟು ಮಕ್ಕಳ ತಾಯಿಯಾದವಳು. 1344ರಲ್ಲಿ ಗಂಡ ತೀರಿಕೊಂಡ ಬಳಿಕ ಹೊಸದೊಂದು ಮಠದ ಕನಸು ಕಂಡಳು. 1346ರಲ್ಲಿ ಅರಸ ಮಾಗ್ನುಸ್ ಎರಿಕ್ಸನ್ ಮತ್ತು ರಾಣಿ ಬ್ಲಾಂಕಾ ವಾಡ್‌ಸ್ಟೇನಾದ ಅರಮನೆ ಆಸ್ತಿಯನ್ನು ಅದಕ್ಕೆ ಬಿಟ್ಟುಕೊಟ್ಟರು. ಆಕೆ ರೋಮಿಗೆ ಹೋಗಿ ಪೋಪರ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾದಳು. ಅದು ದೊರೆತದ್ದು 1370ರಲ್ಲಿ. 1373ರಲ್ಲಿ ರೋಮಿನಲ್ಲೇ ಕಣ್ಣುಮುಚ್ಚಿದಳು. ಮಠ ವಿಧ್ಯುಕ್ತವಾಗಿ ಆರಂಭವಾದದ್ದು 1384ರಲ್ಲಿ. ತಾನು ಕಲ್ಪಿಸಿದ ಮಠದಲ್ಲಿ ಆಕೆ ಒಂದು ದಿನವೂ ಬಾಳಲಿಲ್ಲ.

ಆ ಮಠದ ಲೆಕ್ಕಾಚಾರ ಸ್ವಾರಸ್ಯವಾಗಿದೆ. ಸೋದರಿಯರು 60, ಪಾದ್ರಿಗಳು 13, ಉಪಪಾದ್ರಿಗಳು 4, ಸಾಮಾನ್ಯ ಸೋದರರು 8; ಒಟ್ಟು 85. ಪೌಲನೂ ಸೇರಿ 13 ಪ್ರೇಷಿತರು, ಯೇಸುವಿನ 72 ಶಿಷ್ಯರು, ಹೀಗೆ ಆ ಸಂಖ್ಯೆ. ಇಬ್ಬರಿಗೂ ಇಗರ್ಜಿ ಒಂದೇ, ಆವರಣಗಳು ಬೇರೆ; ಒಬ್ಬರನ್ನೊಬ್ಬರು ಬೆರೆಯುವಂತಿಲ್ಲ. ಇಡೀ ಮಠದ ಆಡಳಿತ ಮಾತ್ರ ಹೆಂಗಸಿನ ಕೈಯಲ್ಲಿ: ಮಠಮಾತೆಯೇ ಎಲ್ಲರಿಗೂ ಮೇಲೆ.

ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು ಆಕೆಯ ನಿಯಮಾವಳಿಯಲ್ಲಿರುವ ಪ್ರವೇಶದ ಕ್ರಮ. ಸೇರಬೇಕೆಂದು ಬಂದವಳನ್ನು ಕೂಡಲೆ ಒಳಗೆ ಕರೆದುಕೊಳ್ಳಬಾರದು. ವಯಸ್ಸು 18 ತುಂಬಿರಬೇಕು. ಒಂದು ವರ್ಷ ಹೊರಗೇ ಕಾಯಿಸಬೇಕು. ಮತ್ತೆ ಬಂದು ಕೇಳಿದಾಗ ಒಳಗಿನ ಕಷ್ಟಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ವರ್ಷ ಕಳೆದೂ ಮನಸ್ಸು ಬದಲಾಗದಿದ್ದರೆ ಬಿಷಪ್ಪರು ಇಗರ್ಜಿಯ ಬಾಗಿಲಲ್ಲಿ ಅವಳನ್ನು ಪ್ರಶ್ನಿಸಿ ಒಳಗೆ ಕರೆತರಬೇಕು. ಬೆರಳಿಗೆ ಉಂಗುರ; ತಲೆಗೆ ಐದು ಕೆಂಪು ಬೊಟ್ಟುಗಳ ಬಿಳಿಯ ಬಟ್ಟೆಯ ಕಿರೀಟ, ಅವು ಯೇಸುವಿನ ಐದು ಗಾಯಗಳ ಗುರುತು. ಕಣ್ಣಿಗೆ ಬೀಳುವಂತೆ ಮಣ್ಣಿಟ್ಟ ಒಂದು ಚಟ್ಟ. ಆವರಣದೊಳಗೆ ಸದಾ ತೆರೆದಿರುವ ಒಂದು ಗೋರಿ. ಸೋದರಿಯರು ದಿನಾಲೂ ಅದರ ಬಳಿ ನಿಂತು ಪ್ರಾರ್ಥಿಸಬೇಕು. ಮದುವೆಯೂ ಸಾವೂ ಒಂದೇ ದಿನ ನಡೆದಂತೆ.

ಇಷ್ಟು ಬಿಗಿಯಾಗಿ ಕಾಯಿಸುವುದೇಕೆ? ಆ ಕಾಲದಲ್ಲಿ ದೊಡ್ಡ ಮನೆತನಗಳವರು ಮಗಳ ಇಷ್ಟವನ್ನು ಕೇಳದೆ ಮಠಕ್ಕೆ ಸೇರಿಸುವುದು ಮಾಮೂಲಾಗಿತ್ತು. ಬಿರ್ಗಿಟ್ಟಾಳ ಮನೆಯೂ ಹೊರತಲ್ಲ. ಆಕೆಯ ಮಗಳು ಸೆಸಿಲಿಯಾಳನ್ನು ಶೆನ್ನಿಂಗೆಯ ಕನ್ಯಾಮಠದಲ್ಲಿ ಬಿಟ್ಟಿದ್ದರು. ಆ ಹುಡುಗಿಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಅಣ್ಣ ಕಾರ್ಲನ ನೆರವಿನಿಂದ ಹೊರಬಂದು ಮದುವೆಯಾದಳು. ಇನ್ನೊಬ್ಬ ಮಗಳು ಕಟಾರಿನಾ ತಾಯಿಯ ದಾರಿಯನ್ನೇ ಹಿಡಿದು, ತಾಯಿಯ ಅವಶೇಷಗಳನ್ನು ರೋಮಿನಿಂದ ತಂದು ವಾಡ್‌ಸ್ಟೇನಾದಲ್ಲಿಟ್ಟು, ಅಲ್ಲಿಯ ಸೋದರಿಯರ ಮುಂದಾಳಾದಳು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು, ಎರಡು ಉತ್ತರಗಳು. ಕರೆ ಎಂಬುದು ತಾಯಿಯಿಂದ ಮಗಳಿಗೆ ಒಡವೆಯಂತೆ ದಾಟಿಬರುವುದಿಲ್ಲ.

ಈ ಮಾತನ್ನು ಇಡೀ ಕ್ಯಾಥೊಲಿಕ್ ಧರ್ಮಸಭೆ ಕಟ್ಟಳೆಯಾಗಿ ಬರೆದದ್ದು 1563ರಲ್ಲಿ, ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನದಲ್ಲಿ. ವ್ರತ ತೊಡುವ ಮುನ್ನ ಹೆಣ್ಣಿನ ಮನಸ್ಸನ್ನು ಬಿಷಪ್ಪರು ಕೇಳಿ ತಿಳಿಯಬೇಕು. ಬಲವಂತದಿಂದ ಮಠಕ್ಕೆ ನೂಕುವವನಿಗೆ ಬಹಿಷ್ಕಾರ. ಆದರೆ ಸ್ವೀಡನ್ನು ಅಷ್ಟರಲ್ಲಿ ಬೇರೆ ದಾರಿ ಹಿಡಿದಾಗಿತ್ತು.

ಸರ್ಕಾರ ಹಾಕಿದ ಬೀಗ

1527ರಲ್ಲಿ ಗುಸ್ತಾವ್ ವಾಸಾ ವೆಸ್ಟೆರೋಸಿನ ಸಭೆಯಲ್ಲಿ ಮಠಮಾನ್ಯಗಳ ಆಸ್ತಿಗೆ ಕೈಹಾಕಿದ. ಒಂದಾದ ಮೇಲೊಂದರಂತೆ ಮಠಗಳು ಮುಚ್ಚಿದವು. ವಾಡ್‌ಸ್ಟೇನಾದ ಸೋದರಿಯರು ಮಾತ್ರ ಬಡತನದಲ್ಲೂ ಜಗ್ಗದೆ ಉಳಿದರು. ಅರಸ 3ನೆಯ ಯೋಹಾನನ ಕ್ಯಾಥೊಲಿಕ್ ರಾಣಿ ಕಟಾರಿನಾ ಯಾಗೆಲ್ಲೋನಿಕಾಳ ಕಾಲದಲ್ಲಿ ಒಂದಿಷ್ಟು ಉಸಿರಾಡಿದರು. ಕೊನೆಗೆ 1595ರಲ್ಲಿ ಸೊಡರ್‌ಶೋಪಿಂಗ್ ಸಭೆಯ ತೀರ್ಮಾನದಂತೆ ಬಾಗಿಲು ಮುಚ್ಚಿತು. ಸೋದರಿಯರಲ್ಲಿ ಕೆಲವರು ಸಮುದ್ರ ದಾಟಿ ಡಾನ್ಸಿಗ್ ನಗರದ ತಮ್ಮ ಪಂಥದ ಮಠವನ್ನು ಸೇರಿಕೊಂಡರು. ಮಠದ ಕಟ್ಟಡ ಮುಂದೆ ಮುದಿ ಸೈನಿಕರ ಆಶ್ರಯವಾಯಿತು, ಆಮೇಲೆ ಸೆರೆಮನೆಯೂ ಆಯಿತು.

1617ರ ಓರೆಬ್ರೂ ಶಾಸನ ಇನ್ನೂ ಮುಂದೆ ಹೋಯಿತು: ಕ್ಯಾಥೊಲಿಕ್ ಆದ ಸ್ವೀಡಿಷನಿಗೆ ಗಡೀಪಾರು, ಪಿತ್ರಾರ್ಜಿತ ಆಸ್ತಿಯ ಹಕ್ಕೂ ಇಲ್ಲ. 1781ರಲ್ಲಿ 3ನೆಯ ಗುಸ್ತಾವ್ ಪರದೇಶಿಗಳಿಗೆ ಪೂಜಾಸ್ವಾತಂತ್ರ್ಯ ಕೊಟ್ಟಾಗಲೂ ಮಠಗಳು ಬೇಡವೆಂದೇ ಬರೆಸಿದ. ಇದೆಲ್ಲ ಎಂದೋ ನಡೆದುಹೋದದ್ದಲ್ಲವೇ ಎನ್ನುವವರು 1858ನ್ನು ನೆನೆಯಬೇಕು. ನಮ್ಮಲ್ಲಿ ಕಂಪನಿ ಸರ್ಕಾರ ಹೋಗಿ ವಿಕ್ಟೋರಿಯಾ ರಾಣಿಯ ಆಳ್ವಿಕೆ ಬಂದ ವರ್ಷ ಅದು. ಅದೇ ವರ್ಷ ಕ್ಯಾಥೊಲಿಕ್ ಆದರೆಂಬ ಒಂದೇ ತಪ್ಪಿಗೆ ಆರು ಮಂದಿ ಹೆಂಗಸರನ್ನು ಸ್ವೀಡನ್ನಿನಿಂದ ಗಡೀಪಾರು ಮಾಡಿದರು. ಯುರೋಪಿನಲ್ಲೆಲ್ಲ ಛೀಮಾರಿಯಾದ ಮೇಲೆ, 1860ರಲ್ಲಿ ಆ ಶಿಕ್ಷೆ ರದ್ದಾಯಿತು. ಮಠಗಳ ಮೇಲಿನ ನಿಷೇಧ ಮಾತ್ರ 1951ರ ಧರ್ಮಸ್ವಾತಂತ್ರ್ಯ ಕಾಯಿದೆಯವರೆಗೆ ಉಳಿಯಿತು. ಆಗಲೂ ಸರ್ಕಾರದ ಅಪ್ಪಣೆಯಿಲ್ಲದೆ ಮಠ ತೆರೆಯುವಂತಿರಲಿಲ್ಲ. ಆ ಷರತ್ತು ಹೋದದ್ದು 1970ರ ದಶಕದಲ್ಲಿ.

ಇಲ್ಲಿ ಒಂದು ಮಾತು. ಹುಡುಗಿಯರನ್ನು ಬಲವಂತದಿಂದ ಕೂಡಿಹಾಕುತ್ತಾರೆಂಬ ಭಯ ಆ ಕಾನೂನುಗಳ ಹಿಂದೆ ಇತ್ತು. ಸೆಸಿಲಿಯಾಳ ಕಥೆ ಕೇಳಿದವರಿಗೆ ಅದು ಬರಿಯ ಕಟ್ಟುಕಥೆ ಎನ್ನಿಸದು. ಆದರೆ ಒಳಗೆ ಹೋಗಬಾರದೆಂದು ಬಲವಂತಪಡಿಸುವುದೂ ಬಲವಂತವೇ ಅಲ್ಲವೆ?

ಮರಳಿ ಬಂದವರು

ಈ ಬೀಗಕ್ಕೆ ಮತ್ತೆ ಕೈಯಿಟ್ಟವಳು ಎಲಿಸಬೆತ್ ಹೆಸ್ಸೆಲ್‌ಬ್ಲಾಡ್. 1870ರಲ್ಲಿ ವೆಸ್ಟರ್‌ಯೋಟ್‌ಲಾಂಡಿನ ಫೋಗ್ಲವಿಕ್‌ನಲ್ಲಿ ಹುಟ್ಟಿದಳು. ಮನೆಯ ಬಡತನಕ್ಕೆ ನೆರವಾಗಲು ಹರೆಯದಲ್ಲೇ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ದಾದಿಯಾದಳು. ದುಡಿಮೆಗಾಗಿ ಊರು ಬಿಟ್ಟವರ ಮನಸ್ಸು ನಮಗೆ ಹೊಸದಲ್ಲ. 1902ರಲ್ಲಿ ಕ್ಯಾಥೊಲಿಕ್ ಆಗಿ, 1904ರಲ್ಲಿ ಕಾಯಿಲೆಯ ದೇಹದೊಡನೆ ರೋಮಿಗೆ ಹೋಗಿ ಬಿರ್ಗಿಟ್ಟಾ ಬಾಳಿದ ಮನೆಯನ್ನು ಸೇರಿದಳು. ಆಗ ಅದು ಕಾರ್ಮೆಲ್ ಸೋದರಿಯರ ವಶದಲ್ಲಿತ್ತು. 1906ರಲ್ಲಿ ಬಿರ್ಗಿಟ್ಟಾ ಪಂಥದ ಉಡುಪು ತೊಟ್ಟಳು. 1911ರಲ್ಲಿ ಹೊಸ ಶಾಖೆಯನ್ನು ಆರಂಭಿಸಿದಳು. 1923ರಲ್ಲಿ ಸ್ಟಾಕ್‌ಹೋಮ್ ಬಳಿಯ ಯುರ್ಶ್‌ಹೋಮಿನಲ್ಲಿ, 1935ರಲ್ಲಿ ವಾಡ್‌ಸ್ಟೇನಾದಲ್ಲಿ ಮನೆ ತೆರೆದಳು. ಮಠವೆನ್ನುವಂತಿಲ್ಲವಲ್ಲ, ಆದ್ದರಿಂದ ಅವು ವಿಶ್ರಾಂತಿಗೃಹಗಳು! 1937ರಲ್ಲಿ ಆಕೆಯ ಸೋದರಿಯರು ನಮ್ಮ ನೆರೆಯ ಕಲ್ಲಿಕೋಟೆಗೂ ಬಂದರು. 1957ರಲ್ಲಿ ತೀರಿಕೊಂಡ ಆಕೆಯನ್ನು 2016ರಲ್ಲಿ ಸಂತಳೆಂದು ಸಾರಲಾಯಿತು.

ಕಟ್ಟುನಿಟ್ಟಿನ ಆವರಣದ ಬಿರ್ಗಿಟ್ಟಾ ಸೋದರಿಯರು ಹಾಲೆಂಡಿನ ಊಡೆನ್ ಮಠದಿಂದ ವಾಡ್‌ಸ್ಟೇನಾಕ್ಕೆ ಬಂದು ನೆಲೆಸಿದ್ದು 1963ರಲ್ಲಿ. 1991ರಲ್ಲಿ ಅದು ಸ್ವತಂತ್ರ ಮಠವಾಯಿತು. ಅದೇ 1960ರ ದಶಕದಲ್ಲಿ ಸ್ಕೋನೆಯ ಗ್ಲುಮ್ಸ್‌ಲೋವಿಗೆ ಕಾರ್ಮೆಲ್ ಸೋದರಿಯರೂ ಬಂದರು.

ಕಾರ್ಮೆಲ್ ಎಂದಾಗ ಮಂಗಳೂರಿನವರು ಕಿವಿ ನಿಮಿರಿಸುತ್ತಾರೆಂದು ಬಲ್ಲೆವು. ಹೆಸ್ಸೆಲ್‌ಬ್ಲಾಡ್ ಹುಟ್ಟಿದ ಆ 1870ರಲ್ಲೇ ಫ್ರಾನ್ಸಿನಿಂದ ಹೊರಟ ಕಾರ್ಮೆಲ್ ಸೋದರಿಯರು ಮಂಗಳೂರು ಸೇರಿದರು. ಅವರಲ್ಲಿ ಮೂವರು ಊರು ಮುಟ್ಟುವ ಮುನ್ನವೇ ದಾರಿಯಲ್ಲಿ ಪ್ರಾಣಬಿಟ್ಟಿದ್ದರು. ಉಳಿದವರಲ್ಲಿ ಗಲಿಲಾಯದ ಓದುಬರಹ ಬಾರದ ಹುಡುಗಿ ಮರಿಯಂ ಬವಾರ್ದಿ ಒಬ್ಬಳು. ಆಕೆ 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೊಟ್ಟಳು. ಆದರೆ ಆಕೆಯ ದರ್ಶನಗಳ ಬಗ್ಗೆ ಹಿರಿಯರಿಗೆ ಸಂಶಯ ಹುಟ್ಟಿ, 1872ರಲ್ಲಿ ಫ್ರಾನ್ಸಿಗೆ ಹಿಂದಿರುಗಬೇಕಾಯಿತು. ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿ, 1878ರಲ್ಲಿ ತೀರಿಕೊಂಡಳು; 2015ರಲ್ಲಿ ಸಂತಳೆನಿಸಿದಳು. ಒಂದು ಮಠ ಒಲ್ಲೆನೆಂದರೆ ಕರೆಯೇ ಸುಳ್ಳೆಂದು ಅರ್ಥವಲ್ಲ.

ಇಂದಿನ ಕ್ರಮ

ಬಿರ್ಗಿಟ್ಟಾ ಕಾಯಿಸಿದ್ದು ಒಂದು ವರ್ಷ. ರೋಮಿನ 2018ರ ಕಟ್ಟಳೆಯಂತೆ ಆವರಣದ ಮಠಗಳಲ್ಲಿ ಕೊನೆಯ ವ್ರತಕ್ಕೆ ಮುಂಚಿನ ಒಟ್ಟು ಅವಧಿ 9 ವರ್ಷಕ್ಕೆ ಕಡಿಮೆಯಿಲ್ಲ, 12ಕ್ಕೆ ಹೆಚ್ಚಿಲ್ಲ. ಮೊದಲು ಬಂದುಹೋಗಿ ಪರಿಚಯ, ಆಮೇಲೆ ಉಮೇದುವಾರಿಕೆ, ಎರಡು ವರ್ಷದ ನವಶಿಷ್ಯತ್ವ, ಐದು ವರ್ಷವಾದರೂ ತಾತ್ಕಾಲಿಕ ವ್ರತ. ವೈದ್ಯ ಓದುವುದಕ್ಕಿಂತ ದೀರ್ಘ! ನಡುವೆ ಯಾವ ಹಂತದಲ್ಲಾದರೂ ಹುಡುಗಿ ಹೊರಡಬಹುದು, ಮಠದವರೂ ಬೇಡವೆನ್ನಬಹುದು. ನಮ್ಮ ಹೆಣ್ಣು ನೋಡುವ ಶಾಸ್ತ್ರದಂತೆ ಅರ್ಧ ಗಂಟೆ ಉಪ್ಪಿಟ್ಟು ಕಾಫಿಯಲ್ಲಿ ಮುಗಿಯುವ ವ್ಯವಹಾರವಲ್ಲ ಇದು.

ಹೊಸ್ತಿಲಲ್ಲಿ ನಿಲ್ಲಿಸಿ ಪರೀಕ್ಷಿಸುವ ರೂಢಿ ನಮಗೂ ಹೊಸದಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಕಠಿಣವಾದ ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಶರಣರು ಆಕೆಯನ್ನು ಬರಮಾಡಿಕೊಂಡರೆಂದು ಶೂನ್ಯಸಂಪಾದನೆ ಹೇಳುತ್ತದೆ. ಪ್ರಶ್ನೆ ಕೇಳಿದ್ದು ಅವಮಾನಿಸುವುದಕ್ಕಲ್ಲ. ಉತ್ತರ ಆಕೆಯದೇ ಎಂಬುದು ಎಲ್ಲರಿಗೂ ತಿಳಿಯಲೆಂದು.

ಇನ್ನು ಮುಂದೆ ವಾಡ್‌ಸ್ಟೇನಾಕ್ಕೆ ಹೋಗುವ ಬಂಧುಗಳು ಇಗರ್ಜಿಯಲ್ಲಿ ಬಿರ್ಗಿಟ್ಟಾಳ ಅವಶೇಷಗಳಿರುವ ಕೆಂಪು ಪೆಟ್ಟಿಗೆಯನ್ನು ನೋಡಿಬರಲಿ. ಹತ್ತಿರದಲ್ಲೇ ಹಳೆಯ ಮಠದ ಕಟ್ಟಡವೂ ಇದೆ. 1595ರಿಂದ 1951ರವರೆಗೆ, ಅಂದರೆ 356 ವರ್ಷ, ಈ ನಾಡಿನ ಹೆಣ್ಣೊಬ್ಬಳು ಆ ಪ್ರಶ್ನೆಯನ್ನು ತನ್ನ ನೆಲದಲ್ಲಿ ನಿಂತು ಕೇಳಿಕೊಳ್ಳಲು ಕಾನೂನು ಬಿಟ್ಟಿರಲಿಲ್ಲ. ತಪಸ್ಸುಕಾಲದ ಒಂದು ವಾರ ಅತಿಥಿಗೃಹದಲ್ಲಿದ್ದು, ಇದು ನನ್ನ ದಾರಿಯಲ್ಲವೆಂದು ಮನೆಗೆ ಹಿಂದಿರುಗುವ ಹುಡುಗಿಯೂ ಆ ಬಿಡುಗಡೆಯನ್ನು ಅನುಭವಿಸಿದವಳೇ.