ಕವಿಚರಿತೆಯ ಇಪ್ಪತ್ತೆರಡು ವರ್ಷಗಳು

ಹಳೆಯ ಕವಿಯೊಬ್ಬನ ಕಾಲವನ್ನು ನಾವು ಪಾಠಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಓದಿ ಮುಂದೆ ಸಾಗುತ್ತೇವೆ. ಆ ಒಂದು ಸಾಲಿಗೆ ಎಷ್ಟು ದುಡಿಮೆ ಬೇಕಾಯಿತೆಂಬುದನ್ನು ತಿಳಿಯಬೇಕಾದರೆ, ವಾಚಕರೇ, ನೀವು ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು ಒಮ್ಮೆ ಕೈಗೆತ್ತಿಕೊಳ್ಳಬೇಕು. ಮೊದಲನೆಯದು ಅಚ್ಚಾದುದು 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ.

ಮೊದಲ ಸಂಪುಟದ ಮೇಲೆ ಇಬ್ಬರ ಹೆಸರಿದೆ: ಆರ್. ನರಸಿಂಹಾಚಾರ್ಯರು ಮತ್ತು ಎಸ್. ಜಿ. ನರಸಿಂಹಾಚಾರ್ಯರು. ಅದು ಹೊರಬಂದ ವರ್ಷವೇ ಎಸ್. ಜಿ. ಯವರು ತೀರಿಕೊಂಡರು. ಉಳಿದವರ ಹೆಗಲ ಮೇಲೆ ಆಗಲೇ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನ ಇಲಾಖೆಯ ಭಾರವಿತ್ತು. ಆದರೂ ಅವರು ಕವಿಚರಿತೆಯನ್ನು ಕೈಬಿಡಲಿಲ್ಲ.

ಕಾಲನಿರ್ಣಯವೆಂದರೆ ಊಹೆಯ ಮಾತಲ್ಲ. ಒಂದು ನಿದರ್ಶನವನ್ನು ನೋಡಿ. ಪೊನ್ನನು ಯಾವಾಗ ಇದ್ದನು? ರನ್ನನು 993ರ ತನ್ನ ಅಜಿತಪುರಾಣದಲ್ಲಿ ಪಂಪ, ಪೊನ್ನರನ್ನು ತನ್ನೊಡನೆ ಸೇರಿಸಿ ಮೂರು ರತ್ನಗಳೆನ್ನುತ್ತಾನೆ. ಹಾಗಾದರೆ ಪೊನ್ನನು ಅದಕ್ಕೆ ಈಚಿನವನಲ್ಲ. ಅವನಿಗೆ ಬಿರುದು ಕೊಟ್ಟವನು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ. ಆ ದೊರೆಯ ಕಾಲವೋ ಶಾಸನಗಳಿಂದ ತಿಳಿಯುತ್ತದೆ. ಹೀಗೆ ಎರಡು ಕಡೆಯಿಂದಲೂ ಬೇಲಿ ಕಟ್ಟುತ್ತಾ ಬರಬೇಕು. ರಾಜಾಶ್ರಯವಿಲ್ಲದ, ಪೂರ್ವಕವಿಗಳನ್ನು ಸ್ಮರಿಸದ ಕವಿಯಾದರೆ? ಪಂಡಿತನ ನಿಜವಾದ ಪರೀಕ್ಷೆ ಅಲ್ಲಿದೆ. ಇಂಥ ವಿಚಾರಣೆ ಒಬ್ಬಿಬ್ಬರದಲ್ಲ, ನೂರಾರು ಕವಿಗಳದು!

ನನ್ನ ಮಟ್ಟಿಗೆ ಮೂರು ಸಂಪುಟಗಳ ವರ್ಷಗಳಿಗಿಂತಲೂ ದೊಡ್ಡ ವರ್ಷ 1924. ಮೂರನೆಯ ಸಂಪುಟ ಇನ್ನೂ ಬಾಕಿಯಿದ್ದಾಗಲೇ ಆಚಾರ್ಯರು ಮೊದಲನೆಯದನ್ನು ತಿದ್ದಿ, ಬೆಳೆಸಿ, ಪುನಃ ಅಚ್ಚುಹಾಕಿಸಿದರು. ಆಗ ಅವರಿಗೆ ಅರುವತ್ತು ದಾಟಿತ್ತು. ಅಧಿಕಾರದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಹೊಸ ಓಲೆಗರಿಯೊಂದು ಸಿಕ್ಕಿತೆಂದರೆ ಹಳೆಯ ನಿರ್ಣಯವನ್ನು ಮತ್ತೆ ತೂಗಬೇಕಷ್ಟೆ. ಅದರ ಹಿಂದಿನ ವರ್ಷ ಶ್ರವಣಬೆಳಗೊಳದ ಶಾಸನಸಂಪುಟದಲ್ಲಿಯೂ ಅವರು ಇದನ್ನೇ ಮಾಡಿದ್ದರು. ರೈಸ್ ಸಾಹೇಬರು 1889ರಲ್ಲಿ ಪ್ರಕಟಿಸಿದ್ದ ಶಾಸನಗಳು 144; ಆಚಾರ್ಯರ ಪರಿಷ್ಕರಣದಲ್ಲಿ ಅವು 500 ಆದುವು.

ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಓಲೆಯ ಕಟ್ಟೇನಾದರೂ ಇದ್ದರೆ ಮೆಲ್ಲನೆ ಬಿಚ್ಚಿ ನೋಡಿ. ಕವಿ ತನ್ನ ಹೆಸರು, ತಂದೆಯ ಹೆಸರುಗಳನ್ನು ಹೇಳಿಕೊಂಡಿದ್ದರೆ ಅದು ಬಹುಮಟ್ಟಿಗೆ ಮೊದಲ ಗರಿಗಳಲ್ಲೋ ಕಡೆಯ ಗರಿಯಲ್ಲೋ ಇರುತ್ತದೆ. ಹುಳು ಮೊದಲು ಹಿಡಿಯುವುದೂ ಆ ಗರಿಗಳನ್ನೇ.