ಸತ್ತವರ ಮಾತಿಗೆ ಜಾಮೀನು ಯಾರು? ಮರಣ ಶಾಸನದ ಭಾಷೆ ನಡೆದು ಬಂದ ದಾರಿ

ಧಾರವಾಡದ ಕಡೆ ಅದು ಮೃತ್ಯುಪತ್ರ. ಹಳೇ ಮೈಸೂರಿನ ಪತ್ರಗಳಲ್ಲಿ ಮರಣ ಶಾಸನ. ಬಾಯಲ್ಲಿ ಎಲ್ಲ ಕಡೆಯೂ ವಿಲ್, ಬರಹಕ್ಕೆ ಇಳಿದರೆ ಉಯಿಲು. ಮೃತ್ಯುಪತ್ರ ಮರಾಠಿಯಲ್ಲೂ ಇರುವ ಮಾತು. ಉಯಿಲು ಇಂಗ್ಲಿಷಿನ ವಿಲ್ ಶಬ್ದವೇ, ತಮಿಳಿನ ಉಯಿಲ್‌ನಂತೆ ನಮ್ಮ ನಾಲಿಗೆಗೆ ಒಗ್ಗಿಕೊಂಡದ್ದು. ಒಂದೇ ಕಾಗದಕ್ಕೆ ಇಷ್ಟು ಹೆಸರು ಸೇರಿಕೊಂಡದ್ದಕ್ಕೆ ನನಗೆ ತೋರುವ ಕಾರಣ ಇದು: ಆ ಕಾಗದಕ್ಕೆ ನಮ್ಮಲ್ಲಿ ಹೆಸರು ಬೇಕಾಗಿಯೇ ಇರಲಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಅದರ ನಿಲುವು. ಹಾಗಿದ್ದ ಮೇಲೆ ಸಾಯುವ ಅಪ್ಪ ಯಾರಿಗೆ ಏನು ಬರೆದಿಡಬೇಕು? ಅವನು ಕಣ್ಣು ಮುಚ್ಚುವ ಮೊದಲೇ ಆಸ್ತಿ ಮಕ್ಕಳದ್ದೂ ಆಗಿರುತ್ತದೆ. ಬಂಗಾಳದಲ್ಲಿ ನಡೆಯುತ್ತಿದ್ದ ಜೀಮೂತವಾಹನನ ದಾಯಭಾಗ ಹಾಗಲ್ಲ. ಅಲ್ಲಿ ಅಪ್ಪ ಇರುವಷ್ಟು ದಿನ ಆಸ್ತಿ ಅಪ್ಪನದೇ. ಹಿಂದೂಗಳ ಉಯಿಲು ಕಲ್ಕತ್ತೆಯಲ್ಲಿ ಬೇಗ ಬೇರುಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಈ ಎರಡು ಗ್ರಂಥಗಳ ದಾಯ ಪ್ರಕರಣಗಳನ್ನು ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಕಂಪನಿಯ ನ್ಯಾಯಾಧೀಶರಿಗೂ ಈ ವ್ಯತ್ಯಾಸ ಕೈಗೆ ಸಿಕ್ಕಿತು.

ಶಾಸನ ಎಂಬ ಮಾತು ಮಾತ್ರ ನಮ್ಮದೇ, ಅದೂ ಕಲ್ಲಿನ ಮೇಲಿನದು. ದಾನ ಶಾಸನದಲ್ಲಿ ಕೊಡುವವನು ಬದುಕಿರುತ್ತಾನೆ. ಧಾರೆ ಎರೆದು ಕೊಡುತ್ತಾನೆ. ತಾನು ಹೋದ ಮೇಲೆ ಆ ಕೊಡುಗೆಯನ್ನು ಕಾಯಲು ಸೂರ್ಯಚಂದ್ರರನ್ನು ನಿಲ್ಲಿಸುತ್ತಾನೆ, ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟಲಿ ಎಂದು ಶಾಪ ಕೆತ್ತಿಸುತ್ತಾನೆ. ಜಾಮೀನು ದೇವರದು. ಶಾಪ ಮುಂದೆ ಕಳಚಿಹೋಯಿತು, ಸೂತ್ರಗಳು ಉಳಿದವು. ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು ಎಂಬ ಮಾತು ಕಲ್ಲಿನಿಂದ ಛಾಪಾ ಕಾಗದಕ್ಕೆ ಇಳಿದದ್ದು ಹೀಗೆ.

ಮಕ್ಕಳಿಲ್ಲದವನ ದಾರಿ ದತ್ತು. ಅಲ್ಲಿಯೂ ಸಾಯುವವನ ಇಚ್ಛೆಯನ್ನು ನಂಬುವುದು ಹೇಗೆ ಎಂಬ ತೊಡಕು ಇದ್ದೇ ಇತ್ತು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ, ದೇಸಾಯಿ ಮಾಡಿಕೊಂಡನೆನ್ನಲಾದ ದತ್ತಕವನ್ನು ಸಂಶಯಿಸಿ ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನವರೊಂದಿಗೆ ನಡೆದ ಕಾಳಗದಲ್ಲಿ ಥ್ಯಾಕರೆಯೇ ಸತ್ತ. ರಾಜಕೀಯದ ಲೆಕ್ಕ ಬೇರೆ ಏನೇ ಇರಲಿ, ಕಾಗದದ ಮಟ್ಟಿಗೆ ಅದು ಹಾಸಿಗೆ ಹಿಡಿದವನ ಇಚ್ಛೆಯ ಮೇಲಿನ ತಕರಾರು. ನೋಂದಣಿ ಕಾಯಿದೆಗೂ ಈ ಎರಡರ ನೆಂಟಸ್ತಿಕೆ ಗೊತ್ತು: ಉಯಿಲು, ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರಪತ್ರ ಎರಡನ್ನೂ ಇಂದಿಗೂ ಒಂದೇ ಪುಸ್ತಕದಲ್ಲಿ, 3ನೇ ನಂಬರಿನದರಲ್ಲಿ, ಬರೆದುಕೊಳ್ಳುತ್ತಾರೆ.

1870ರ ಹಿಂದೂ ವಿಲ್ಸ್ ಕಾಯಿದೆ ಬಂಗಾಳಕ್ಕೆ, ಮದರಾಸು ಮತ್ತು ಬೊಂಬಾಯಿ ಪಟ್ಟಣಗಳಿಗೆ ಸೀಮಿತವಾಗಿತ್ತು. ಬ್ರಿಟಿಷ್ ಆಡಳಿತದ ಹೊರಜಿಲ್ಲೆಗಳಲ್ಲಿ ಹಿಂದೂಗಳ ಬಾಯಿಮಾತಿನ ಉಯಿಲೂ ನಡೆಯುತ್ತಿತ್ತು. ಬರಹ, ಸಹಿ, ಇಬ್ಬರು ಸಾಕ್ಷಿಗಳ ನಿಯಮ ಅಲ್ಲಿಗೆ ಬಂದದ್ದು 1927ರ ಜನವರಿ 1ರಿಂದ. ಈ ನಡುವೆ, 1872ರಲ್ಲಿ, ಠಾಗೋರ್ ಪ್ರಕರಣ ಪ್ರಿವಿ ಕೌನ್ಸಿಲಿನಲ್ಲಿ ತೀರ್ಮಾನವಾಯಿತು. ಪ್ರಸನ್ನಕುಮಾರ ಠಾಗೋರರು ಕ್ರೈಸ್ತನಾದ ಮಗನನ್ನು ಬಿಟ್ಟು, ಗಂಡು ಸಂತತಿಯಲ್ಲೇ ಆಸ್ತಿ ಇಳಿಯುವಂತೆ ಇಂಗ್ಲಿಷ್ ಮಾದರಿಯಲ್ಲಿ ಬರೆದಿದ್ದರು. ಹಿಂದೂ ಉಯಿಲನ್ನು ದಾನದ ನಿಯಮದಿಂದಲೇ ಅಳೆಯಬೇಕು, ಹುಟ್ಟದೇ ಇರುವವನಿಗೆ ದಾನವಿಲ್ಲ, ಹೊಸ ಬಗೆಯ ಉತ್ತರಾಧಿಕಾರವನ್ನು ಯಾರೂ ಸೃಷ್ಟಿಸುವಂತಿಲ್ಲ ಎಂದಿತು ಕೌನ್ಸಿಲ್. ಧಾರೆ ಎರೆಯುವ ಕೈ ಲಂಡನ್ನಿನಲ್ಲಿ ಮತ್ತೆ ಕಾಣಿಸಿಕೊಂಡಿತು. ನಮ್ಮ ಪುತ್ರ ಪೌತ್ರ ಸೂತ್ರವನ್ನೂ ನ್ಯಾಯಾಲಯಗಳು ಹೀಗೆಯೇ ಓದಿವೆ: ಅದು ಮೊಮ್ಮಗನಿಗೆ ಬರೆದುಕೊಟ್ಟದ್ದಲ್ಲ, ಪಡೆದವನಿಗೆ ಪೂರ್ಣ ಹಕ್ಕು ಕೊಟ್ಟದ್ದು. ಹೆಂಡತಿ ಜೀವಿತ ಇರುವವರೆಗೆ ಅನುಭವಿಸತಕ್ಕದ್ದು, ಪರಭಾರೆ ಮಾಡಕೂಡದು ಎಂಬ ಸಾಲಿನದು ಬೇರೆಯೇ ಜಾತಿ. ಅನುಭವ ಎಂಬ ಒಂದೇ ಮಾತು ಎರಡೂ ಕಡೆ ಕೂತು ಎಷ್ಟೋ ಮನೆಗಳನ್ನು ಕೋರ್ಟಿಗೆ ಎಳೆದಿದೆ.

ಹಳೆಯ ಕನ್ನಡ ಪತ್ರದ ಕೊನೆಗೆ ಸಾಕ್ಷಿಗಳ ರುಜುಗಳ ಹತ್ತಿರ ಬಿಕ್ಕಲಂ ಎಂಬ ಮಾತು ಕಾಣುತ್ತದೆ. ಬರೆದವನ ಹೆಸರು ಅಲ್ಲಿರುತ್ತದೆ. ಪಾರಸಿ ಕಚೇರಿಯ ಕಲಂ, ಲೇಖನಿ, ಅದರಲ್ಲಿದೆ. ಜಮೀನಿನ ಚಕ್ಕುಬಂದಿಯೂ ಅದೇ ಕಚೇರಿಯ ಮಾತು. ಬುದ್ಧಿ ಸ್ವಾಧೀನದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ ಬರೆಸಿದ್ದು ಎಂಬ ಒಕ್ಕಣೆಯನ್ನು ಜನ ಬರಿಯ ಅಲಂಕಾರವೆಂದುಕೊಳ್ಳುತ್ತಾರೆ. ಆದರೆ ಸಂಶಯ ಎದ್ದ ಮೇಲೆ ಆ ಒಕ್ಕಣೆ ತನಗೆ ತಾನೇ ಸಾಕ್ಷಿಯಾಗಲಾರದು. ಇದನ್ನು ಸ್ಪಷ್ಟಪಡಿಸಿದ್ದು ಮೈಸೂರಿನಿಂದಲೇ ಹೋದ ಮೊಕದ್ದಮೆ. ವೆಂಕಟಾಚಲ ಅಯ್ಯಂಗಾರ್–ತಿಮ್ಮಾಜಮ್ಮ ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಇತರ ಪತ್ರಗಳಂತಲ್ಲ, ಉಯಿಲು ಮಾಡಿದವರು ಲೋಕ ಬಿಟ್ಟಿರುವುದರಿಂದ ಅದು ತಮ್ಮದೋ ಅಲ್ಲವೋ ಎಂದು ಹೇಳಲು ಬರಲಾರರು. ಹಾಗಾಗಿ ಉಯಿಲನ್ನು ಮುಂದಿಡುವವರೇ ಅನುಮಾನದ ಸಂಗತಿಗಳನ್ನೆಲ್ಲ ನಿವಾರಿಸಿ ನ್ಯಾಯಾಲಯದ ಮನಸ್ಸಾಕ್ಷಿಗೆ ಸಮಾಧಾನ ತರಬೇಕು ಎಂಬುದು ಅದರ ಸಾರ. ಆ ಉಯಿಲು ಸಾಬೀತಾಗಲಿಲ್ಲ. ಕಲ್ಲಿನ ಮೇಲೆ ಸೂರ್ಯಚಂದ್ರರು ನಿಂತಿದ್ದ ಜಾಗದಲ್ಲಿ ಈಗ ನ್ಯಾಯಾಧೀಶರ ಮನಸ್ಸಾಕ್ಷಿ ನಿಂತಿತು.

ಉಯಿಲಿಗೆ ನ್ಯಾಯಾಲಯ ಕೊಡುವ ಪ್ರೊಬೇಟ್ ಎಂಬುದರ ಲ್ಯಾಟಿನ್ ಬೇರಿಗೂ ಸಾಬೀತು ಎಂದೇ ಅರ್ಥ. ಮೊಹರು ಬಿದ್ದ ಆ ಪ್ರತಿ ಉಯಿಲು ನಿಜವೆಂದು ಹೇಳುತ್ತದೆ, ಆಸ್ತಿ ಸತ್ತವರದೇ ಆಗಿತ್ತೇ ಎಂದು ಹೇಳುವುದಿಲ್ಲ. 1925ರ ಉತ್ತರಾಧಿಕಾರ ಕಾಯಿದೆಯಲ್ಲಿ ಹಿಂದೂಗಳಿಗೆ ಅದು ಕಡ್ಡಾಯವಾಗಿದ್ದದ್ದು 1870ರ ಕಾಯಿದೆಯ ಹಳೆಯ ಎಲ್ಲೆಯೊಳಗೆ ಮಾತ್ರ. ಆದ್ದರಿಂದ ನಮ್ಮ ಹಳ್ಳಿಗಳಲ್ಲಿ ಪ್ರೊಬೇಟ್ ಎಂಬ ಮಾತೇ ಅಪರೂಪ; ಸಾವಿನ ನಂತರದ ಓಡಾಟವೆಲ್ಲ ವಂಶವೃಕ್ಷಕ್ಕೆ, ಪೌತಿ ಖಾತೆಗೆ. ಪೌತಿಯೂ ಅರಬ್ಬಿಯಿಂದ ಬಂದ ಸಾವಿನ ಹೆಸರೇ.

ಮಿತಾಕ್ಷರಾ ಕುಟುಂಬದ ಅವಿಭಕ್ತ ಪಾಲನ್ನು ಉಯಿಲಿನಲ್ಲಿ ಬರೆಯುವ ಅವಕಾಶ ಸಿಕ್ಕಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೇ ಕಲಮಿನಿಂದ. ಅದರ ಇಂಗ್ಲಿಷ್ ವಿವರಣೆಯ ನಡುವೆ, ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದವರ ಕುಟುಂಬ, ಕವರು ಎಂಬ ಎರಡು ಮಾತುಗಳು ಅನುವಾದವಾಗದೆ ಹಾಗೆಯೇ ಕೂತಿವೆ.